ಗದ್ದೆಗೆ ಹಂದಿ ಇಳಿಯುವ ಹದಿನೈದು ರಾತ್ರಿ

ಭೂಮಿ ಹುಣ್ಣಿಮೆಗೆ ಬಸುರಿ ಗದ್ದೆಗೆ ಬಯಕೆ ಬಡಿಸಿ ಬಂದಮೇಲೆ ಮಲೆನಾಡಿನಲ್ಲಿ ಇನ್ನೊಂದು ಲೆಕ್ಕ ಶುರುವಾಗುತ್ತದೆ. ತೆನೆ ಹೊರಬಂದು ಹೂವಾದ ಎಂಟು-ಹತ್ತು ದಿನಕ್ಕೆ ಕಾಳಿಗೆ ಹಾಲು ತುಂಬುತ್ತದೆ. ಅಲ್ಲಿಂದ ಕಾಳು ಗಟ್ಟಿಯಾಗುವ ತನಕ ಸುಮಾರು ಹದಿನೈದು ರಾತ್ರಿ. ಉಳಿದ ದಿನಗಳಲ್ಲಿ ಬೆಟ್ಟದಲ್ಲಿ ಗೆಡ್ಡೆ, ಎರೆಹುಳ ಅಗೆದುಕೊಂಡಿರುವ ಕಾಡುಹಂದಿ ಈ ಹದಿನೈದು ರಾತ್ರಿ ತಪ್ಪದೆ ಗದ್ದೆಗೆ ಇಳಿಯುತ್ತದೆ. ಗೋವಿನಜೋಳ ಹಾಕಿದವರಿಗೂ ಇದೇ ಕಥೆ. ಬಿತ್ತಿದ ಎರಡು ತಿಂಗಳ ಮೇಲೆ, ತೆನೆ ಎಳಸಾಗಿ ಉಗುರು ಒತ್ತಿದರೆ ಹಾಲು ಬರುವಾಗ ಶುರು. ಇಡೀ ಹಂಗಾಮು ಅರೆಮನಸ್ಸಿನಿಂದ ಕಾಯುವುದಕ್ಕಿಂತ ಈ ಹದಿನೈದು ರಾತ್ರಿ ನಾಲ್ಕು ಜನ ಸೇರಿ ಸರಿಯಾಗಿ ಕಾಯುವುದು ಮೇಲು.

ಹಿಂದೆ ಇದೇ ನಾಲ್ಕು ಜನ ಸೇರಿದರೆ ಅದು ಬೇಟೆ. ಒಂದು ತಂಡ ಹಳು ನುಗ್ಗಿ ಪ್ರಾಣಿಯನ್ನು ಎಬ್ಬಿಸಿ ಸೋವುತ್ತಿತ್ತು, ಇನ್ನೊಂದು ತಂಡ ಕೋವಿ ಹಿಡಿದು ಬಿಲ್ಲಿಗೆ, ಅಂದರೆ ಪ್ರಾಣಿ ಬರುವ ದಾರಿಯಲ್ಲಿ ಹೊಂಚುಹಾಕುವ ಜಾಗಕ್ಕೆ, ಕೂರುತ್ತಿತ್ತು. ಈಗ ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಂದಿ ಮೊದಲು ಮೂರನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಮೇಲೆ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಯನ್ನು ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕೃತ ಅಧಿಕಾರಿ ಲಿಖಿತ ಆದೇಶ ಕೊಡಬಹುದು ಎಂದು 11ನೇ ಕಲಂ ಹೇಳುತ್ತದೆ. ಆ ಆದೇಶ ಕೈಯಲ್ಲಿಲ್ಲದೆ ಹೊಡೆಯುವ ಹಾಗಿಲ್ಲ. ಹಲವರು ಇಲ್ಲೇ ತಪ್ಪುತ್ತಾರೆ: ಬೆಳೆ ರಕ್ಷಣೆಗೆಂದು ಕೋವಿಗೆ ಪರವಾನಗಿ ಇದ್ದರೆ ಅದು ಕೋವಿ ಇಟ್ಟುಕೊಳ್ಳಲು ಕೊಟ್ಟ ಪರವಾನಗಿಯೇ ಹೊರತು ಹಂದಿ ಹೊಡೆಯಲು ಕೊಟ್ಟದ್ದಲ್ಲ. ಕೊಡಗಿನಲ್ಲಿ ಕೋವಿಗೆ ಪರವಾನಗಿಯ ವಿನಾಯಿತಿ ಇರುವವರಿಗೂ ಬೇಟೆಗೆ ವಿನಾಯಿತಿ ಇಲ್ಲ. ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದಲ್ಲಿ ಈಗ ಗುರಿ ಇಡುವುದು ತೆಂಗಿನಕಾಯಿಗೆ.

ಆದರೆ ಬಿಲ್ಲಿಗೆ ಕೂರುತ್ತಿದ್ದ ಹಿರಿಯರ ತಿಳಿವಳಿಕೆ ಪೂರಾ ಕಾವಲಿಗೆ ಬೇಕು. ಹಂದಿ ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ, ಗಾಳಿ ಯಾವ ಕಡೆಗಿದ್ದಾಗ ಅನ್ನುವುದು ಅವರಿಗೆ ಗೊತ್ತಿತ್ತು. ನಿಮ್ಮೂರಲ್ಲಿ ಅಂಥವರು ಯಾರಾದರೂ ಉಳಿದಿದ್ದರೆ ಒಂದು ಮಧ್ಯಾಹ್ನ ಅವರನ್ನು ಕರೆದುಕೊಂಡು ಗದ್ದೆಯ ಅಂಚಿನಲ್ಲಿ ನಡೆಯಿರಿ. ಹಳೆಯ ಬಿಲ್ಲಿನ ಜಾಗ ತೋರಿಸುತ್ತಾರೆ. ಈಗಲೂ ಹಂದಿ ಅಲ್ಲಿಂದಲೇ ಬರುತ್ತಿರುತ್ತದೆ.

ನಾವು ಬೇಲಿ, ದೀಪ, ಬೆದರುಬೊಂಬೆ ಎಲ್ಲವನ್ನೂ ನಮ್ಮ ಕಣ್ಣಿನ ಎತ್ತರಕ್ಕೆ ಮಾಡುತ್ತೇವೆ. ಹಂದಿಯ ಲೋಕ ಇರುವುದು ನೆಲದಿಂದ ಒಂದು ಗೇಣು ಮೇಲೆ. ಅದರ ಕಣ್ಣು ಮಂದ, ಮೂಗು ಬಲು ಚುರುಕು, ಕಿವಿಯೂ ಚುರುಕು. ಹುಡುಕುವುದು, ಅಗೆಯುವುದು, ಬೇಲಿ ತಳ್ಳಿನೋಡುವುದು ಎಲ್ಲಾ ಮೂತಿಯಿಂದಲೇ. ಭುಜದ ಹತ್ತಿರ ಎರಡೂವರೆ ಅಡಿಗೂ ಎತ್ತರ ಬೆಳೆಯುವ, ಕ್ವಿಂಟಲ್ ತೂಗುವ ಒಂಟಿಗ (ಒಂಟಿಯಾಗಿ ತಿರುಗುವ ಗಂಡುಹಂದಿ) ಕೂಡ ಬೇಲಿಯ ಹತ್ತಿರ ಬಂದಾಗ ತಲೆ ತಗ್ಗಿಸಿಯೇ ಬರುತ್ತದೆ. ಜಾಡು ಹುಡುಕುವುದರಿಂದ ತಂತಿ ಕಟ್ಟುವವರೆಗೆ ಪ್ರತಿ ಹಂತದಲ್ಲೂ ಆ ಮೂತಿಯ ಎತ್ತರಕ್ಕೆ ಬಗ್ಗಿ ನೋಡಬೇಕು.

ಮೊದಲ ಕೆಲಸ ಹಗಲಿನದು. ಬೆಳಗ್ಗೆ ಇಬ್ಬನಿ ಆರುವ ಮೊದಲು ಗದ್ದೆಯ ಕಾಡಂಚನ್ನು ಪೂರ್ತಿ ಸುತ್ತಬೇಕು. ಹುಲ್ಲಿನ ಮೇಲಿನ ಇಬ್ಬನಿ ಒರೆಸಿಹೋದ ಗೆರೆ ಕಂಡರೆ ಅದು ರಾತ್ರಿಯ ಜಾಡು. ಕೆಸರಿನಲ್ಲಿ ಹೆಜ್ಜೆ ನೋಡಿ. ಮುಂದೆ ಎರಡು ಮೊಂಡು ಗೊರಸು, ಹಿಂದೆ ಅವಕ್ಕಿಂತ ಅಗಲವಾಗಿ ಹೊರಕ್ಕೆ ಚಾಚಿದ ಎರಡು ಚುಕ್ಕೆ ಇದ್ದರೆ ಹಂದಿ. ಜಿಂಕೆ, ಕಡವೆಯ ಹೆಜ್ಜೆ ಚೂಪು, ಮೆದು ಕೆಸರು ಬಿಟ್ಟರೆ ಹಿಂದಿನ ಚುಕ್ಕೆ ಮೂಡುವುದಿಲ್ಲ. ಹತ್ತಿರದಲ್ಲೇ ಹೊರಳಿದ ಕೆಸರುಗುಂಡಿ ಇರುತ್ತದೆ, ಅದರ ಪಕ್ಕದ ಮರದ ಬುಡದಲ್ಲಿ ಮೈ ತಿಕ್ಕಿದ ಕೆಸರು ಒಣಗಿ ಅಂಟಿರುತ್ತದೆ. ಆ ಕೆಸರಿನ ಗುರುತು ನೆಲದಿಂದ ಎಷ್ಟು ಎತ್ತರಕ್ಕಿದೆ ಅಂತ ಗೇಣು ಹಾಕಿ ಅಳೆಯಿರಿ, ಬರುತ್ತಿರುವ ಹಂದಿಯ ಗಾತ್ರ ಗೊತ್ತಾಗುತ್ತದೆ. ದೊಡ್ಡ ಚಿಕ್ಕ ಹೆಜ್ಜೆ ಬೆರೆತಿದ್ದರೆ ಮರಿಗಳಿರುವ ಹಿಂಡು, ಒಂದೇ ದೊಡ್ಡ ಹೆಜ್ಜೆಯಾದರೆ ಒಂಟಿಗ.

ಬೇಲಿಯಲ್ಲಿ ಹಂದಿ ನುಸುಳುವ ಕಂಡಿ ಒಂದು ಮೊಳದಷ್ಟೂ ಎತ್ತರ ಇರುವುದಿಲ್ಲ. ನಿಂತು ನೋಡಿದರೆ ಬೇಲಿ ಗಟ್ಟಿಯಾಗೇ ಕಾಣುತ್ತದೆ. ಕುಕ್ಕರಗಾಲಲ್ಲಿ ಕೂತು ನೋಡಿದಾಗ ಮುಳ್ಳಿಗೆ ಸಿಕ್ಕಿದ ಬಿರುಗೂದಲು, ನುಣುಪಾದ ನೆಲ ಕಣ್ಣಿಗೆ ಬೀಳುತ್ತದೆ. ಹೀಗೆ ಸಿಕ್ಕ ಪ್ರತಿ ಕಂಡಿಯ ಮುಂದೆ ಎರಡು ಅಡಿ ಅಗಲ ದರಕು (ಉದುರಿದ ಒಣ ಎಲೆ) ಗುಡಿಸಿ, ಮಣ್ಣು ಸಡಿಲಿಸಿ, ಕೈಯಿಂದ ಸವರಿಡಿ. ಮೂರು ಬೆಳಗ್ಗೆ ಸತತ ನೋಡಿದರೆ ಹತ್ತು ಕಂಡಿಯಲ್ಲಿ ನಿಜಕ್ಕೂ ಓಡಾಟ ಇರುವುದು ಎರಡೋ ಮೂರೋ ಅಂತ ತಿಳಿಯುತ್ತದೆ. ಈ ಮೂರು ದಿನದ ಕೆಲಸ ಬಿಟ್ಟು ನೇರ ರಾತ್ರಿ ಕಾವಲಿಗೆ ಕೂತವರು ತಪ್ಪು ಮೂಲೆಯಲ್ಲಿ ಕೂತು ಬೆಳಗು ಮಾಡುತ್ತಾರೆ.

ಹಾನಿ ಮಾಡಿದ್ದು ಹಂದಿಯೇ ಹೌದೋ ಅಂತಲೂ ಖಾತ್ರಿ ಮಾಡಿಕೊಳ್ಳಿ. ಹಂದಿ ಭತ್ತದ ತೆನೆಯನ್ನು ಬಾಯಲ್ಲಿ ಎಳೆದು ಜಗಿದು ಹಾಲು ಹೀರಿ ಹೊಟ್ಟನ್ನು ಉಂಡೆಯಾಗಿ ಉಗುಳುತ್ತದೆ, ತಿಂದದ್ದಕ್ಕಿಂತ ಮಲಗಿಸಿದ್ದೇ ಹೆಚ್ಚು. ಜೋಳದಲ್ಲಿ ದಂಟನ್ನೇ ಮೈಯಿಂದ ತಳ್ಳಿ ಕೆಡವಿ ನೆಲದ ಮೇಲೆ ತೆನೆ ತಿನ್ನುತ್ತದೆ. ದಂಟು ನಿಂತೇ ಇದ್ದು ತೆನೆ ಮಾತ್ರ ಮಾಯವಾಗಿದ್ದರೆ ಅದು ಮಂಗ. ಬಾಳೆ ಕಂದು, ತೆಂಗಿನ ಸಸಿಯ ಬುಡ ಉಳಿಯಿಂದ ಕೆತ್ತಿದ ಹಾಗಿದ್ದರೆ ಮುಳ್ಳುಹಂದಿ. ಅದಕ್ಕೆ ಉಪಾಯವೇ ಬೇರೆ. ಅಡಿಕೆ ತೋಟದಲ್ಲಿ ಗೊಬ್ಬರ ಹಾಕಿ ಸೊಪ್ಪು ಮುಚ್ಚಿದ ಕಡೆ ನೇಗಿಲು ಹೊಡೆದ ಹಾಗೆ ಮಣ್ಣು ತಿರುವಿದ್ದರೆ ಅದು ಎರೆಹುಳ, ಗೊಣ್ಣೆಹುಳಕ್ಕೆ ಬಂದ ಹಂದಿ. ಅಂಥ ಕಡೆ ಸಸಿ ತಿನ್ನುವ ಉದ್ದೇಶ ಅದಕ್ಕಿಲ್ಲ, ಅಗೆತದಲ್ಲಿ ಬೇರು ಹೋಗುತ್ತದೆ.

ಗಾಳಿಯ ವಿಷಯಕ್ಕೆ ಬರೋಣ. ಕಾವಲಿನ ಅರ್ಧ ಸೋಲು ಇಲ್ಲಿದೆ. ಬೆಟ್ಟದ ಬುಡದ ಗದ್ದೆಗಳಲ್ಲಿ ಹಗಲು ಬಿಸಿಲಿಗೆ ಕಾದ ಗಾಳಿ ಕಣಿವೆಯಿಂದ ಮೇಲೇರುತ್ತದೆ. ಹೊತ್ತು ಮುಳುಗಿ ಆಕಾಶ ಶುಭ್ರವಾಗಿದ್ದರೆ ತಣ್ಣಗಾದ ಗಾಳಿ ಬೆಟ್ಟದಿಂದ ಕೆಳಕ್ಕೆ ಹರಿಯತೊಡಗುತ್ತದೆ. ಗದ್ದೆಯ ನಡುವೆ ಮರದ ಕುಂಟೆ ಹಾಕಿ ಬೆಂಕಿ ಮಾಡಿ ಕೂತರೆ ಆ ಹೊಗೆ, ನಮ್ಮ ಮೈಯ ವಾಸನೆ ಎಲ್ಲಾ ಊರ ಕಡೆಗೆ ಹೋಗುತ್ತದೆ. ಮೇಲಿನ ಹಾಡಿಯಲ್ಲಿ ನಿಂತ ಹಂದಿಗೆ ನಾವಿರುವ ಸುದ್ದಿಯೇ ಮುಟ್ಟುವುದಿಲ್ಲ. ಬೇಟೆಗಾರನಿಗೆ ಇದು ಅನುಕೂಲ, ಅವನು ಬೇಕೆಂದೇ ಕೆಳಗೆ ಕೂರುತ್ತಿದ್ದ. ಕಾವಲಿನವನಿಗೆ ಬೇಕಾದ್ದು ಇದರ ಉಲ್ಟಾ: ಮನುಷ್ಯ ಇದ್ದಾನೆ ಅಂತ ಹಂದಿಗೆ ಗದ್ದೆಗೆ ಕಾಲಿಡುವ ಮೊದಲೇ ಗೊತ್ತಾಗಬೇಕು. ಹಾಗಾಗಿ ಕಾವಲು ಕೂರುವ ಮಾಳ ಕಟ್ಟಬೇಕಾದ್ದು ಗದ್ದೆಯ ಮಧ್ಯದಲ್ಲಲ್ಲ, ಓಡಾಟ ಇರುವ ಕಂಡಿಯ ಪಕ್ಕ, ಕಾಡಂಚಿನಲ್ಲೇ. ಚಿಟಿಕೆ ಬೂದಿ ಗಾಳಿಗೆ ತೂರಿ ನೋಡಿದರೆ ಯಾವ ಕಡೆ ಹರಿಯುತ್ತಿದೆ ಅಂತ ತಿಳಿಯುತ್ತದೆ. ರಾತ್ರಿ ಎಂಟಕ್ಕೊಮ್ಮೆ, ನಡುರಾತ್ರಿಗೊಮ್ಮೆ ನೋಡಿ. ಮೋಡ ಕವಿದ ರಾತ್ರಿ, ಗಾಳಿ ಬೀಸುವ ರಾತ್ರಿ ಈ ಲೆಕ್ಕ ಕೆಡುತ್ತದೆ.

ಮಾಳದ ಅಟ್ಟ ನೆಲದಿಂದ ಎಂಟರಿಂದ ಹತ್ತು ಅಡಿ ಇರಲಿ. ನಾಲ್ಕು ಗಟ್ಟಿ ಕಂಬ, ಅಡಿಕೆ ದಬ್ಬೆಯ ಹಾಸು, ಮೇಲೆ ಸೋಗೆ. ಏಣಿಯನ್ನು ಕಾಡಿನ ಕಡೆಗಲ್ಲ, ಗದ್ದೆಯ ಕಡೆಗೆ ಕಟ್ಟಬೇಕು. ನಾಲ್ವರಿದ್ದರೆ ಇಬ್ಬರಿಬ್ಬರ ಎರಡು ಪಾಳಿ: ರಾತ್ರಿ ಎಂಟರಿಂದ ಒಂದು, ಒಂದರಿಂದ ಬೆಳಗಿನ ಐದೂವರೆ. ಒಬ್ಬನನ್ನೇ ಕೂರಿಸಬೇಡಿ, ನಿದ್ದೆ ಹತ್ತುತ್ತದೆ, ಏನಾದರೂ ಆದರೆ ಕರೆಯಲು ಯಾರೂ ಇರುವುದಿಲ್ಲ. ಪಕ್ಕದ ಗದ್ದೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಒಂದು ಗದ್ದೆಯಿಂದ ಓಡಿಸಿದ ಹಂದಿ ಮುಂದಿನ ಗದ್ದೆಗೆ ಇಳಿಯುತ್ತದೆ ಅಷ್ಟೆ. ಬಯಲಿನ ಎಲ್ಲರೂ ಒಂದೇ ವಾರ ಕಾವಲು ಕೂತರೆ ಮಾತ್ರ ಅದು ಬೆಟ್ಟಕ್ಕೆ ಹಿಂತಿರುಗುತ್ತದೆ. ಒಬ್ಬರು ಬೇಗ ಬರುವ ತಳಿ, ಒಬ್ಬರು ತಡವಾಗಿ ಬರುವ ತಳಿ ನೆಟ್ಟ ಬಯಲಲ್ಲಿ ಹದಿನೈದು ರಾತ್ರಿಯ ಕೆಲಸ ನಲವತ್ತು ರಾತ್ರಿಗೆ ಹಿಗ್ಗುವುದು ಇದಕ್ಕೇ. ನೆಡುವಾಗಲೇ ಈ ಮಾತುಕತೆ ಆಗಿದ್ದರೆ ಒಳ್ಳೆಯದು.

ಸದ್ದಿನ ಬಗ್ಗೆ ಒಂದೇ ನಿಯಮ: ಹಂದಿ ಕಂಡಿಯ ಹತ್ತಿರ ಬಂದಾಗ ಮಾತ್ರ ಸದ್ದು. ಗಂಟೆಗೊಮ್ಮೆ ಡಬ್ಬ ಬಡಿಯುವುದು, ರಾತ್ರಿಯಿಡೀ ರೇಡಿಯೋ ಹಾಕಿಡುವುದು, ಗಾಳಿಗೆ ಆಡುವ ಬಾಟಲಿ, ನೀರು ತುಂಬಿ ವಾಲಿ ತಗಡಿಗೆ ಬಡಿಯುವ ಬಿದಿರು, ಇವೆಲ್ಲ ಮೊದಲ ಕೆಲವು ರಾತ್ರಿಗೆ ಸರಿ. ಸದ್ದಾದ ಮೇಲೆ ಏನೂ ಆಗುವುದಿಲ್ಲ ಅಂತ ಒಮ್ಮೆ ಕಲಿತರೆ ಹಂದಿ ತಲೆಯನ್ನೂ ಎತ್ತುವುದಿಲ್ಲ. ಕಿವಿಗೊಟ್ಟು ಕೂರಿ. ದರಕಿನ ಮೇಲೆ ಹಿಂಡು ನಡೆವ ಸದ್ದು ಬಿಟ್ಟುಬಿಟ್ಟು ಬರುತ್ತದೆ, ನಾಲ್ಕು ಹೆಜ್ಜೆ, ನಿಲ್ಲುವುದು, ಮೂಗಿನ ಸುಂಯ್ ಸದ್ದು, ಮತ್ತೆ ನಾಲ್ಕು ಹೆಜ್ಜೆ. ಬೇಲಿಯ ಹತ್ತಿರದ ಆ ನಿಲ್ಲುವಿಕೆಯಲ್ಲಿ ಕೂಗು, ಟಾರ್ಚು, ತಮಟೆ ಮೂರೂ ಒಟ್ಟಿಗೆ ಬೀಳಬೇಕು. ಕಾಯುತ್ತಿರುವಾಗ ನಡುವೆ ಓಡಾಡಲು ಕೆಂಪು ಬೆಳಕಿನ ಟಾರ್ಚು ಒಳ್ಳೆಯದು, ಹಂದಿಯ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಗರ್ನಾಲು ಪಟಾಕಿ ಹಚ್ಚುವುದಾದರೆ ಬದುವಿನ ಮೇಲೆ ಮಣ್ಣಲ್ಲಿ ನಿಲ್ಲಿಸಿ ಹಚ್ಚಿ, ಕೈಯಲ್ಲಿ ಹಿಡಿದು ಎಸೆಯಬೇಡಿ. ಒಣಗಿದ ಹುಲ್ಲಿನ ಕಡೆಗಂತೂ ಬೇಡವೇ ಬೇಡ.

ವಾಸನೆಯ ಉಪಾಯಗಳೂ ಹೀಗೆಯೇ. ಕ್ಷೌರದಂಗಡಿಯ ಕೂದಲು ಕಂಡಿಯಲ್ಲಿ ಚೆಲ್ಲಿದರೆ ಮಳೆ ಬರುವ ತನಕ ಕೆಲಸ ಮಾಡುತ್ತದೆ. ಕೊಳೆತ ಮೊಟ್ಟೆಯ ನೀರು ಸಿಂಪಡಿಸಿದರೂ ಅಷ್ಟೆ, ಮಳೆ ಬಿದ್ದ ಮಾರನೇ ದಿನ ಮತ್ತೆ ಸಿಂಪಡಿಸಬೇಕು. ಹಳೆ ಸೀರೆ ಕಟ್ಟಿದವರು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಫಲ ಇದೆ. ಫೋರೇಟ್ ಕೀಟನಾಶಕದ ಹರಳನ್ನು ಚೀಲದಲ್ಲಿ ಕಟ್ಟಿ ತೂಗುಹಾಕುವ ರೂಢಿ ಇನ್ನೂ ಕೆಲವು ಕಡೆ ಇದೆ. ಆ ವಿಷವನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಮಳೆಗೆ ತೊಳೆದು ಗದ್ದೆಯ ನೀರಿಗೆ ಸೇರಿದರೆ ಮೀನು, ಏಡಿ, ಕೊಕ್ಕರೆ, ಆ ನೀರು ಕುಡಿದ ದನ ಎಲ್ಲಕ್ಕೂ ಅಪಾಯ. ಮನೆಯಲ್ಲಿ ಹಳೇ ಪೊಟ್ಟಣ ಇದ್ದರೆ ಮುಟ್ಟಬೇಡಿ.

ಗಟ್ಟಿ ಉಪಾಯ ಅಂದರೆ ಸೋಲಾರ್ ಬೇಲಿ, ನಮ್ಮ ಕಡೆ ಐಬೆಕ್ಸ್ ಬೇಲಿ ಅಂತಲೇ ಕರೆಯುತ್ತಾರೆ. ಆದರೆ ಹಾಕಿಸಿದವರಲ್ಲಿ ಅನೇಕರು ಹಂದಿ ಅದಕ್ಕೆ ಹೆದರುವುದಿಲ್ಲ ಎನ್ನುತ್ತಾರೆ. ಕಾರಣ ಹುಡುಕಿದರೆ ನಾಲ್ಕೈದೇ ಇರುತ್ತವೆ.

ಮೊದಲನೆಯದು ಕೆಳತಂತಿ. ದನಕ್ಕೋ ಆನೆಗೋ ಕಟ್ಟುವ ಲೆಕ್ಕದಲ್ಲಿ ಒಂದೂವರೆ ಅಡಿಯಿಂದ ಶುರುಮಾಡುತ್ತಾರೆ. ಹಂದಿಗೆ ಮೂರು ತಂತಿ ಸಾಕು, ನೆಲದಿಂದ 20, 40, 60 ಸೆಂಟಿಮೀಟರಿಗೆ. ಒದ್ದೆಯಾದ ಬರಿ ಮೂಗು ತಂತಿಗೆ ತಾಗಿದರೆ ಹೊಡೆತ ಪೂರ್ತಿ ಬೀಳುತ್ತದೆ, ಹಂದಿ ಹಿಂದಕ್ಕೆ ಹಾರುತ್ತದೆ. ಮೂಗು ತಂತಿಯ ಕೆಳಗೆ ನುಸುಳಿ ಕಿವಿಯ ಹಿಂದೆ, ಬೆನ್ನಿಗೆ ತಾಗಿದರೆ ಬಿರುಗೂದಲು ಹೊಡೆತವನ್ನು ತಡೆಯುತ್ತದೆ. ಅಷ್ಟೋ ಇಷ್ಟೋ ತಾಗಿದರೂ ಗಾಬರಿಗೆ ಮುಂದಕ್ಕೇ ನುಗ್ಗುತ್ತದೆ, ಅಂದರೆ ಗದ್ದೆಯ ಒಳಕ್ಕೆ. ಹಿಂದಕ್ಕೆ ಹಾರುವುದೋ ಮುಂದಕ್ಕೆ ನುಗ್ಗುವುದೋ ತೀರ್ಮಾನವಾಗುವುದು ಆ 20 ಸೆಂಟಿಮೀಟರಿನಲ್ಲಿ. ಕಂಬಗಳ ನಡುವೆ 15ರಿಂದ 20 ಅಡಿ ಇರಬಹುದು, ಆದರೆ ನೆಲ ತಗ್ಗಾದಲ್ಲೆಲ್ಲ ಹೆಚ್ಚುವರಿ ಗೂಟ ನೆಟ್ಟು ಕೆಳತಂತಿಯನ್ನು ನೆಲದ ಜೊತೆಗೇ ಇಳಿಸಬೇಕು. ಕಾಲುವೆ ದಾಟುವ ಜಾಗ, ದಣಪೆಯ (ಬೇಲಿಯ ಗಳು-ಬಾಗಿಲಿನ) ಕೆಳಗೆ, ಅಗಳದ ಮೂಲೆ, ಹಂದಿ ಹುಡುಕುವುದು ಇವನ್ನೇ.

ಎರಡನೆಯದು ಅರ್ಥಿಂಗ್. ಹೊಡೆತ ತಂತಿಯಿಂದ ಹಂದಿಯ ಮೈಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಅರ್ಥ್ ರಾಡಿಗೆ, ಅಲ್ಲಿಂದ ಬೇಲಿಗೆ ಹೊಡೆತ ಕೊಡುವ ಯಂತ್ರಕ್ಕೆ ಮರಳಬೇಕು. ಒಂದು ಚಿಕ್ಕ ಸರಳು ಹೊಡೆದು ಬಿಟ್ಟರೆ ಆ ಸುತ್ತು ಪೂರ್ಣವಾಗುವುದಿಲ್ಲ. ಆರು ಅಡಿಯ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ರಾಡು, ಒಂದರಿಂದೊಂದು ಹತ್ತು ಅಡಿ ದೂರ, ತೇವ ಇರುವ ಜಾಗದಲ್ಲಿ. ಜಂಬಿಟ್ಟಿಗೆ ನೆಲವಾದರೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹೊಯ್ಯಬೇಕು. ಪರೀಕ್ಷೆ ಸುಲಭ: ಬೇಲಿಯ ಯಂತ್ರದಿಂದ ನೂರು ಮೀಟರ್ ಆಚೆ ತಂತಿಗೆ ಕಬ್ಬಿಣದ ಸರಳುಗಳನ್ನು ಒರಗಿಸಿ ನೆಲಕ್ಕೆ ತಾಗಿಸಿ, ಬೇಲಿಯ ವೋಲ್ಟೇಜು 2,000ಕ್ಕಿಂತ ಕೆಳಗೆ ಬರಲಿ. ಆಗ ಕೊನೆಯ ಅರ್ಥ್ ರಾಡಿಗೂ ಅದರಿಂದ ಒಂದು ಮೀಟರ್ ದೂರದ ನೆಲಕ್ಕೂ ನಡುವೆ ಬೇಲಿ ಮೀಟರ್ ಹಿಡಿಯಿರಿ. 300 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಇನ್ನೊಂದು ರಾಡು ಹೊಡೆಯಬೇಕು. ಸರಳು ಒರಗಿಸುವಾಗ, ತೆಗೆಯುವಾಗ ಯಂತ್ರ ಬಂದ್ ಇರಲಿ.

ಇನ್ನು ಹುಲ್ಲು. ಕೆಳತಂತಿ ನೆಲಕ್ಕೆ ಹತ್ತಿರ ಇರುವುದರಿಂದ ವಾರದಲ್ಲಿ ಹುಲ್ಲು ಮುಟ್ಟುತ್ತದೆ. ಇಬ್ಬನಿ ಬಿದ್ದ ಹೊತ್ತಿಗೆ ಒಂದೊಂದು ಎಸಳೂ ಸ್ವಲ್ಪ ಸ್ವಲ್ಪ ಹೊಡೆತ ಕುಡಿದು, ಸಂಜೆ 6,000 ವೋಲ್ಟ್ ಇದ್ದದ್ದು ಹಂದಿ ಬರುವ ಹೊತ್ತಿಗೆ 2,000 ಆಗಿರುತ್ತದೆ. ಬೇಲಿಯ ಎರಡೂ ಬದಿ ಒಂದೊಂದು ಅಡಿ ವಾರಕ್ಕೊಮ್ಮೆ ಕತ್ತಿ ಆಡಿಸಲೇಬೇಕು. ವೋಲ್ಟೇಜನ್ನು ಅಳೆಯಬೇಕಾದ್ದು ಸಂಜೆಯಲ್ಲ, ಇಬ್ಬನಿ ಬಿದ್ದ ಮೇಲೆ, ಯಂತ್ರದ ಹತ್ತಿರವಲ್ಲ, ಬೇಲಿಯ ಕೊನೆಯಲ್ಲಿ. ಅಲ್ಲಿ 4,000 ಇದ್ದರೆ ಹಂದಿ ಮರ್ಯಾದೆ ಕೊಡುತ್ತದೆ, 5,000 ಇದ್ದರೆ ನೆಮ್ಮದಿ.

ಉಳಿದವು ಸಣ್ಣವು, ಆದರೆ ಬೇಲಿ ಕೆಡಿಸುವಂಥವು. ಯಂತ್ರದಿಂದ ಬೇಲಿಗೆ ಮನೆಯ ವೈರಿಂಗಿನ ತಂತಿ ಎಳೆಯಬಾರದು, ಅದರ ಕವಚ ಸಾವಿರಾರು ವೋಲ್ಟಿಗಲ್ಲ, ಮಣ್ಣಿನೊಳಗೇ ಸೋರುತ್ತದೆ. ಇನ್ಸುಲೇಟರ್ ಬದಲು ಪೈಪಿನ ತುಂಡು ಕಟ್ಟಿದರೆ ಎರಡು ಬೇಸಿಗೆಗೆ ಬಿರಿಯುತ್ತದೆ. ರಾತ್ರಿ ಬೇಲಿಯುದ್ದಕ್ಕೂ ಕಿವಿಗೊಟ್ಟು ನಡೆದರೆ ಸೋರುವ ಜಾಗದಲ್ಲಿ ಟಿಕ್ ಟಿಕ್ ಕೇಳಿಸುತ್ತದೆ, ಕತ್ತಲಲ್ಲಿ ನೀಲಿ ಕಿಡಿಯೂ ಕಾಣುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ವಾಲಿರಲಿ, ಮರದ ನೆರಳು ಬೀಳದಿರಲಿ, ಮಳೆಗಾಲದ ಪಾಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಕರೆಂಟು ಲೈನಿನಿಂದ ನೇರ ಬೇಲಿಗೆ ತಂತಿ ಎಳೆಯುವುದನ್ನು ಯಾರೂ, ಯಾವ ಕಾರಣಕ್ಕೂ ಮಾಡಬಾರದು. ಸೋಲಾರ್ ಬೇಲಿಯ ಹೊಡೆತ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಮ್ಮಿ ಹೊತ್ತು, ಆಮೇಲೆ ಬಿಡುತ್ತದೆ. 230 ವೋಲ್ಟ್ ಬಿಡುವುದಿಲ್ಲ. ಬೆಳಗ್ಗೆ ನೀರು ಕಟ್ಟಲು ಬಂದ ಮನೆಯವರು, ದನ ಹುಡುಕಿ ಬಂದ ಪಕ್ಕದ ಮನೆಯ ಹುಡುಗ ಅದಕ್ಕೆ ಬಲಿಯಾಗುತ್ತಾರೆ. ಬ್ರೇಕ್ ವೈರಿನ ಉರುಳೂ ಬೇಡ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಸಿಕ್ಕಿ ಸೊಂಟಕ್ಕೆ ತಂತಿ ಕಚ್ಚಿಕೊಂಡು ಗಂಟೆಗಟ್ಟಲೆ ನರಳುವ ಸುದ್ದಿ ಕರ್ನಾಟಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿಡಿಮದ್ದಿನ ಉಂಡೆಯನ್ನು ಕಚ್ಚುವುದು ಮೇಯಲು ಹೋದ ಹಸು, ಮನೆಯ ನಾಯಿ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸುರಿ ಆನೆ ಸತ್ತದ್ದು ಇಂಥ ಸ್ಫೋಟಕಕ್ಕೆ ಬಾಯಿ ಸಿಡಿದು, ನೀರಲ್ಲಿ ನಿಂತು.

ನಾಯಿಯನ್ನು ಕಾವಲಿಗೆ ಕರೆದೊಯ್ಯುವುದಾದರೆ ಮಾಳದ ಬುಡಕ್ಕೆ ಕಟ್ಟಿರಲಿ. ಬೊಗಳಿದರೆ ಸಾಕು. ಬಿಟ್ಟರೆ ಒಂಟಿಗ ಕೋರೆಯಿಂದ ಹೊಟ್ಟೆ ಸೀಳುತ್ತದೆ. ಕತ್ತಲಲ್ಲಿ ಹಂದಿಯ ದಾರಿಗೆ ಅಡ್ಡ ನಿಲ್ಲಬೇಡಿ, ಅದು ಬಂದ ಕಂಡಿಯಲ್ಲೇ ಓಡಿಹೋಗುವ ಹಾಗೆ ಬಿಡಿ. ಮರಿ ಇರುವ ತಾಯಿ, ಗಾಯಗೊಂಡ ಹಂದಿ ಎದುರಾದರೆ ಓಡಿ ಗೆಲ್ಲುವುದು ಕಷ್ಟ, ಮರವೋ ಎತ್ತರದ ಅಂಚೋ ಹತ್ತಬೇಕು. ಕೋರೆಯ ಗಾಯ ಸಾಮಾನ್ಯವಾಗಿ ತೊಡೆಗೆ. ದಪ್ಪ ಬಟ್ಟೆ ಇಟ್ಟು ಇಡೀ ಭಾರ ಹಾಕಿ ಒತ್ತಿಹಿಡಿದೇ ಆಸ್ಪತ್ರೆಗೆ ಒಯ್ಯಿರಿ, ನೋಡಲೆಂದು ಬಿಚ್ಚಿಬಿಚ್ಚಿ ತೆಗೆಯಬೇಡಿ. ಕಚ್ಚಿದ್ದರೆ ರೇಬಿಸ್ ಲಸಿಕೆ ಕೂಡ ಬೇಕು, ವೈದ್ಯರಿಗೆ ಕಾಡುಪ್ರಾಣಿ ಅಂತ ಹೇಳಲು ಮರೆಯಬೇಡಿ.

ಉಣ್ಣಿಯ ವಿಷಯ ಹಂದಿಗಿಂತ ದೊಡ್ಡದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣಿಯಿಂದಲೇ ಬರುವುದು, ಅದರ ಕಾಲ ಶುರುವಾಗುವುದೂ ಗದ್ದೆ ಕೊಯ್ಲಿನ ಹೊತ್ತಿಗೇ. ತಡವಾಗಿ ಬರುವ ಗದ್ದೆ ಕಾಯುವವರು ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಕಾಡಂಚಿಗೆ ಹೋಗಬೇಕು. ದರಕಿನ ಮೇಲೆ ಕೂರಬೇಡಿ, ಹಾಸಬೇಡಿ. ಬೆಳಗ್ಗೆ ಬಂದಕೂಡಲೇ ಬಿಸಿನೀರಿನ ಸ್ನಾನ, ಹಾಕಿದ್ದ ಬಟ್ಟೆ ಬಿಸಿನೀರಿಗೆ. ಆಮೇಲಿನ ದಿನಗಳಲ್ಲಿ ಜ್ವರ, ತಲೆನೋವು ಬಂದರೆ ಕಾಡಂಚಿನಲ್ಲಿ ರಾತ್ರಿ ಕಳೆದದ್ದನ್ನು ವೈದ್ಯರಿಗೆ ಹೇಳಿ.

ಇಷ್ಟೆಲ್ಲ ಮಾಡಿಯೂ ಗದ್ದೆ ಹೋಯಿತೆಂದರೆ ಅಂದೇ ಬೆಳಗ್ಗೆ ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿಯ ಕೆಲಸ ಶುರುಮಾಡಿ. ಮಲಗಿದ ಬೆಳೆಯನ್ನು ಕೊಯ್ದು ಸರಿಪಡಿಸುವ ಮೊದಲು ಫೋಟೋ ತೆಗೆಯಿರಿ: ಇಡೀ ಗದ್ದೆ ಕಾಣುವ ಹಾಗೆ ಒಂದು, ಹಾನಿಯಾದ ಜಾಗದ್ದು ನಾಲ್ಕು ಮೂಲೆಯಿಂದ, ಪಕ್ಕದಲ್ಲಿ ಕೋಲಿಟ್ಟು ಹೆಜ್ಜೆಯದ್ದು ಒಂದು. ಹೆಜ್ಜೆಯ ಫೋಟೋ ಇಲ್ಲದೆ ಇದು ಹಂದಿಯೋ ದನವೋ ಅನ್ನುವ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಒಂದೇ ಲಕೋಟೆಯಲ್ಲಿ ಮೊದಲೇ ಸಿದ್ಧವಿರಲಿ. ಪಹಣಿಯ ಬೆಳೆ ಕಲಂನಲ್ಲಿ ಈ ವರ್ಷದ ಬೆಳೆ ದಾಖಲಾಗಿದೆಯೋ ನೋಡಿ, ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ.

ಕೊಯ್ಲು ಮುಗಿದ ಮೇಲೆ ದನ ಬಿಡುವ ಮೊದಲು ಕೆಳತಂತಿ ಬಿಚ್ಚಿ ಸುತ್ತಿಡಿ, ಇಲ್ಲದಿದ್ದರೆ ಕಾಲಿಗೆ ಸಿಕ್ಕಿ ಹರಿಯುತ್ತದೆ. ಬ್ಯಾಟರಿಯನ್ನು ಮನೆಗೆ ತಂದು ಮಣೆಯ ಮೇಲಿಟ್ಟು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡುತ್ತಿರಿ. ಚಾರ್ಜ್ ಆದ ಮಾರನೇ ದಿನ 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದ ಬ್ಯಾಟರಿಯನ್ನು ಮಳೆಗಾಲ ಪೂರ್ತಿ ಹಾಗೇ ಬಿಟ್ಟರೆ ಮುಂದಿನ ಭೂಮಿ ಹುಣ್ಣಿಮೆಗೆ ಅದು ಏಳುವುದಿಲ್ಲ.